ರೂಫಸ್ ಮಿಮ್ಸ್ ಕೂಗಿದ್ದು

ಫುಟ್‌ಬಾಲಿನಲ್ಲಿ ಮೂಲೆಯಲ್ಲಿ ಆಡುವವನನ್ನು ತಂದು ಮೈದಾನದ ನಡುವೆ ನಿಲ್ಲಿಸಿದರೆ ಆಡಬಲ್ಲನೇ ಎಂಬ ಚರ್ಚೆ ನಮ್ಮ ಪೈನ್ ಫೆರಿ ಊರಿನಲ್ಲಿ ಮೂವತ್ತನಾಲ್ಕು ವರ್ಷಗಳಿಂದ ನಡೆಯುತ್ತಿದೆ. ಅದು ಶುರುವಾಗುವುದು ಶನಿವಾರ ಬೆಳಿಗ್ಗೆ, ಮಿಸ್ ಆರ್ಡೆಲ್ ಹೋಟೆಲಿನ ಕಿಟಕಿ ಪಕ್ಕದ ಉದ್ದ ಮೇಜಿನಲ್ಲಿ. ಹಿಂದಿನ ದಿನ ನಮ್ಮ ಶಾಲೆ ಗೆದ್ದಿರಲಿ, ಸೋತಿರಲಿ, ಗ್ರೇವಿಯಲ್ಲಿ ಅದ್ದಿದ ಮೆತ್ತನೆಯ ಬಿಸ್ಕತ್ತು ಮುಗಿಯುವ ಹೊತ್ತಿಗೆ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. ಅಂಚೆ ಕಚೇರಿಯಿಂದ ನಿವೃತ್ತನಾದ ಗ್ರೇಡಿ ಪೋ ಫೋರ್ಕ್ ಎತ್ತಿ ಹಿಡಿದು, ಆಗುವ ಮಾತಲ್ಲ ಎಂದು ತೀರ್ಪು ಕೊಡುತ್ತಾನೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಎಲ್ಲರೂ ಒಮ್ಮೆ ಕೊನೆಯ ಸಣ್ಣ ಮೇಜಿನ ಕಡೆ ನೋಡುತ್ತಾರೆ. ಅಲ್ಲಿ ರೂಫಸ್ ಮಿಮ್ಸ್ ಗೋಡೆಗೆ ಬೆನ್ನು ಕೊಟ್ಟು ಕೂತು ಗ್ರಿಟ್ಸ್ ಎಂಬ ಜೋಳದ ಗಂಜಿ ತಿನ್ನುತ್ತಿರುತ್ತಾನೆ.

ಅವನು ಬೇರೆ ಕಡೆ ಹೋಗಿ ತಿನ್ನಬಹುದಲ್ಲ ಎನ್ನಬೇಡಿ. ಊರಿನಲ್ಲಿರುವುದು ಅದೊಂದೇ ಹೋಟೆಲು.

ನಾನು ಹಾಲಿಸ್ ಗ್ರಬ್ಸ್. ನಾನೂ ಆ ಉದ್ದ ಮೇಜಿನವನೇ. ಕಾಗದದ ಕಾರ್ಖಾನೆಯಲ್ಲಿ ರೂಫಸ್ ಇರುವ ಪಾಳಿಯಲ್ಲೇ ಕೆಲಸ ಮಾಡುತ್ತೇನೆ. ಶಾಲೆಯ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು, ಆಟದ ದಿನ ಚೆಂಡು ಎಷ್ಟು ಮುಂದೆ ಹೋಯಿತೆಂದು ಅಳೆಯುವ ಸರಪಣಿ ಹಿಡಿದು ಅಂಚಿನಲ್ಲಿ ನಿಲ್ಲುವುದು, ಇವು ಸಂಬಳವಿಲ್ಲದ ನನ್ನ ಇನ್ನೆರಡು ಉದ್ಯೋಗಗಳು. ಮೂವತ್ತನಾಲ್ಕು ವರ್ಷದ ಹಿಂದಿನ ಆ ಆಟದಲ್ಲಿ ರೂಫಸ್ ನಿಜವಾಗಿ ತಪ್ಪಿದನೋ ಇಲ್ಲವೋ ಎಂದು ಬಲ್ಲವನು ಊರಿನಲ್ಲಿ ಒಬ್ಬನೇ ಇದ್ದ. ಅವನು ನಾನು. ಬಲ್ಲೆ ಎಂದು ನಾನು ಬಾಯಿ ಬಿಟ್ಟಿರಲಿಲ್ಲ.

ರೂಫಸ್‌ನ ಮೌನದ ಕಥೆ ಆಟಕ್ಕಿಂತ ಹಳೆಯದು. ಅವನ ತಾಯಿ ವೃದ್ಧರ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುತ್ತಿದ್ದರು, ಹಗಲು ನಿದ್ದೆ ಮಾಡುತ್ತಿದ್ದರು. ಮನೆಯೆಂದರೆ ತಗಡಿನ ಉದ್ದ ಡಬ್ಬ, ಕೆಮ್ಮಿದರೂ ಆಚೆ ತುದಿಗೆ ಕೇಳಿಸುವಂಥದ್ದು. ಐದು ಮಕ್ಕಳೂ ಪಿಸುಮಾತಿನಲ್ಲೇ ಬೆಳೆದರು. ಆ ಮನೆಯಲ್ಲಿ ಯಾರನ್ನಾದರೂ ಕರೆಯಬೇಕಾದರೆ ಕೂಗುವ ಹಾಗಿರಲಿಲ್ಲ. ಎದ್ದು ಹೋಗಿ ಭುಜ ಮುಟ್ಟಬೇಕು. ನಾನು ಮೊದಲ ಸಲ ಹೋದಾಗ ಬಾಗಿಲಲ್ಲೇ ನಿಂತು "ರೂಫಸ್" ಎಂದು ಕಿರುಚಿದ್ದೆ. ಅವನ ತಂಗಿ ಓಡಿ ಬಂದು ನನ್ನ ಬಾಯಿಗೆ ಕೈ ಒತ್ತಿದಳು. ಅವಳಿಗೆ ಆಗ ಆರು ವರ್ಷ.

ಅಂಥ ಹುಡುಗನಿಗೆ ಮೂಲೆಯಂಥ ಜಾಗ ಇನ್ನೊಂದಿಲ್ಲ. ನಮ್ಮ ಫುಟ್‌ಬಾಲು ಕೈಯ ಆಟ. ಒಬ್ಬ ಚೆಂಡು ಎಸೆಯುತ್ತಾನೆ, ಅವನ ಕಡೆಯವರು ದೂರ ಓಡಿಹೋಗಿ ಹಿಡಿಯುತ್ತಾರೆ. ಅವರಿಗೆ ಹಿಡಿಯಗೊಡದಂತೆ ನೋಡಿಕೊಳ್ಳುವುದು ಎದುರು ಪಕ್ಷದ ಹಿಂದಿನ ಸಾಲಿನ ಕೆಲಸ. ಆ ಸಾಲಿನ ಎರಡು ತುದಿಯವರು ಕಾರ್ನರ್‌ಗಳು. ಎಲ್ಲರಿಗಿಂತ ಹಿಂದೆ, ಮೈದಾನದ ನಟ್ಟನಡುವೆ, ಒಬ್ಬನೇ ನಿಲ್ಲುವವನು ಸೇಫ್ಟಿ. ಕಾರ್ನರ್‌ಗೆ ಒಬ್ಬನೇ ಒಬ್ಬ ಎದುರಾಳಿ. ಅವನ ಸೊಂಟದ ಮೇಲೆ ಕಣ್ಣಿಟ್ಟು ನೆರಳಿನ ಹಾಗೆ ಓಡಿದರೆ ಮುಗಿಯಿತು. ಪಕ್ಕದಲ್ಲೇ ಅಂಚಿನ ಗೆರೆ. ಅದು ಅವನ ಪಾಲಿಗೆ ಗೋಡೆ, ಆ ಕಡೆಯಿಂದ ಯಾರೂ ಬರುವಂತಿಲ್ಲ. ಯಾರ ಜತೆಗೂ ಮಾತು ಬೇಡ. ರೂಫಸ್ ಮೂರು ವರ್ಷ ಬಲಗಡೆಯ ಮೂಲೆಯಲ್ಲಿ ನಿಂತ. ಅವನ ಕಡೆಗೆ ಚೆಂಡು ಎಸೆಯುವುದನ್ನೇ ಅಕ್ಕಪಕ್ಕದ ಊರಿನವರು ಬಿಟ್ಟಿದ್ದರು. ಒಂದು ಸಣ್ಣ ಕಾಲೇಜಿನವರು ಕಾರ್ನರ್ ಆಗಿ ಬಾ ಎಂದು ಕಾಗದ ಬರೆದಿದ್ದರು.

ಎಂಬತ್ತೊಂಬತ್ತರ ಅಕ್ಟೋಬರಿನಲ್ಲಿ ನಮ್ಮ ಸೇಫ್ಟಿ ಡೇಲ್ ಹೆಗಲಿನ ಮೂಳೆ ಮುರಿದುಕೊಂಡ. ತಂಡದಲ್ಲಿದ್ದವರು ಇಪ್ಪತ್ತೆರಡೇ ಜನ. ಕೋಚ್ ವಿಟ್ಲೊ ಸೋಮವಾರ ಬಂದವರೇ ರೂಫಸ್‌ನನ್ನು ನಡುವೆ ನಿಲ್ಲಿಸಿದರು, ಅವನ ಮೂಲೆಯನ್ನು ಅದುವರೆಗೆ ಬೆಂಚು ಕಾಯುತ್ತಿದ್ದ ನನಗೆ ಕೊಟ್ಟರು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ರೂಫಸ್ ಮಾತ್ರ ಹೆಲ್ಮೆಟ್ ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದ.

"ಕೋಚ್, ನನಗೆ ಕೂಗಕ್ಕೆ ಬರಲ್ಲ," ಎಂದ.

"ಕಲ್ತ್ಕೋ. ಇಲ್ಲಾಂದ್ರೆ ಬೆಂಚಲ್ಲಿ ಕೂತ್ಕೋ," ಎಂದರು ವಿಟ್ಲೊ.

ಸೇಫ್ಟಿ ಕೂಗಲೇಬೇಕು, ಅದು ಆ ಜಾಗದ ಧರ್ಮ. ಇಡೀ ಮೈದಾನ ಕಾಣುವುದು ಅವನೊಬ್ಬನಿಗೇ. ಯಾವ ಎದುರಾಳಿ ಯಾವ ಕಡೆ ಹೊರಳುತ್ತಿದ್ದಾನೆ, ಯಾರನ್ನು ಯಾರು ಹಿಡಿಯಬೇಕು ಎಂದು ಅವನು ಹೇಳಬೇಕು, ಉಳಿದವರು ಕೇಳಬೇಕು. ವಿಟ್ಲೊ ಅವರ ತಂಡದಲ್ಲಿ ಇನ್ನೊಂದು ರೂಢಿ ಇತ್ತು. ಸೇಫ್ಟಿಯ ಕೂಗು ಕೇಳಿಸಿದ ಕೂಡಲೇ ಕಾರ್ನರ್ ತನ್ನ ಹೆಲ್ಮೆಟ್ಟನ್ನು ಎರಡು ಸಲ ತಟ್ಟಿಕೊಳ್ಳಬೇಕು. ತಟ್ಟಿದನೋ, ಮುಂದಿನ ಜವಾಬ್ದಾರಿ ಅವನದು. ತಟ್ಟುವ ತನಕ ಸೇಫ್ಟಿ ಕೂಗುತ್ತಲೇ ಇರಬೇಕು. ಕೇಳಿಸದೆ ಹೋದರೆ ತಪ್ಪು ಕೂಗಿದವನದು. ಈ ಲೆಕ್ಕ ನಮ್ಮೂರಿನ ಅಜ್ಜಿಯರಿಗೂ ಗೊತ್ತು.

ರೂಫಸ್‌ಗೆ ಕೂಗಲು ಕಲಿಸಿದವನು ನಾನು. ಭಾನುವಾರ ಮಧ್ಯಾಹ್ನ ಕಾರ್ಖಾನೆಯ ಮರದ ದಿಮ್ಮಿಗಳ ಅಂಗಳಕ್ಕೆ ಹೋಗುತ್ತಿದ್ದೆವು. ಅವನು ಒಂದು ತುದಿ, ನಾನು ಇನ್ನೊಂದು ತುದಿ. ಅವನು ಕೂಗಬೇಕು, ಕೇಳಿಸಿದರೆ ನಾನು ತಲೆಯ ಮೇಲೆ ಎರಡು ಸಲ ತಟ್ಟಬೇಕು. ಮೊದಲ ಭಾನುವಾರ ಅವನ ಬಾಯಿ ತೆರೆಯುವುದು ಕಾಣುತ್ತಿತ್ತು, ಸದ್ದು ಬರುತ್ತಿರಲಿಲ್ಲ. ನಾನು ಸುಮ್ಮನೆ ನಿಂತಿರುತ್ತಿದ್ದೆ. ಅವನು ನಾಚಿಕೊಂಡು ದಿಮ್ಮಿಯ ಹಿಂದೆ ಹೋಗಿ ಅಲ್ಲಿಂದ ಕೂಗಿದ. ಅದೂ ಕೇಳಿಸಲಿಲ್ಲ. ಮೂರನೆಯ ಭಾನುವಾರ ಅವನ ಗಂಟಲು ಒಡೆದು ಒಂದು ಕೂಗು ಬಂತು. ರಾಶಿಯ ಮೇಲೆ ಕೂತಿದ್ದ ಕಾಗೆಗಳೆಲ್ಲ ಎದ್ದು ಹೋದವು. ನಾನು ತಲೆ ತಟ್ಟಿಕೊಂಡು ಕುಣಿದೆ. ಅವನು ತನ್ನ ಗಂಟಲನ್ನೇ ಮುಟ್ಟಿ ನೋಡಿಕೊಂಡ, ಅದು ಬೇರೆ ಯಾರದೋ ಎಂಬಂತೆ.

ಅವತ್ತು ದಿಮ್ಮಿಯ ಮೇಲೆ ಕೂತಾಗ ಅವನು ನನಗೆ ಒಂದು ಮಾತು ಹೇಳಿದ. ಅಷ್ಟು ಉದ್ದದ ಮಾತನ್ನು ಅವನು ಮೊದಲು ಆಡಿದ್ದು ನನಗೆ ನೆನಪಿಲ್ಲ. "ಮೂಲೇಲಿ ಗೆರೆ ಇತ್ತು ಕಣೋ. ಒಂದು ಕಡೆಯಿಂದ ಆದ್ರೂ ಯಾರೂ ಬರಲ್ಲ ಅಂತ ಧೈರ್ಯ ಇರ್ತಿತ್ತು. ನಡುವೆ ನಿಂತ್ರೆ ನಾಲ್ಕೂ ಕಡೆ ತೆರೆದಿದೆ. ಆದ್ರೂ ಎಲ್ಲಿಗೂ ಹೋಗಕ್ಕಾಗಲ್ಲ, ಬಾವಿಗೆ ಬಿದ್ದ ಹಾಗೆ."

ಬಾವಿಗೆ ಬಿದ್ದವನು ಕೂಗಬೇಕಪ್ಪ, ಆಗ ಯಾರಾದರೂ ಬರುತ್ತಾರೆ ಎಂದು ನಾನು ಬುದ್ಧಿ ಹೇಳಿದೆ. ಹದಿನೇಳನೆಯ ವಯಸ್ಸಿನಲ್ಲಿ ನಾನು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದೆ.

ಮುಂದಿನ ನಾಲ್ಕು ಆಟಗಳಲ್ಲಿ ನಮ್ಮ ನಡುವಿನಿಂದ ಒಂದೇ ಒಂದು ಚೆಂಡೂ ದಾಟಲಿಲ್ಲ. ರೂಫಸ್ ಕೂಗುತ್ತಿದ್ದ, ನಾವು ತಟ್ಟುತ್ತಿದ್ದೆವು. ಗ್ರೇಡಿ ಪೋ ಆಗಿನ್ನೂ ಅಂಚೆ ಹಂಚುತ್ತಿದ್ದ. ಮನೆ ಮನೆಗೆ ಕಾಗದದ ಜತೆ ರೂಫಸ್‌ನ ಹೊಗಳಿಕೆಯನ್ನೂ ಹಂಚಿದ. ಈ ಮಾತನ್ನು ಈಗ ನೆನಪಿಸಿದರೆ ಅವನು ಕಾಫಿ ಕುಡಿಯತೊಡಗುತ್ತಾನೆ.

ಐದನೆಯದು ಮಾರ್ಲೊ ಊರಿನ ಮೇಲೆ. ಗೆದ್ದರೆ ರಾಜ್ಯದ ಸುತ್ತಿಗೆ ಹೋಗುತ್ತೇವೆ. ಇಡೀ ಊರು ಬೀಗ ಹಾಕಿಕೊಂಡು ಮೈದಾನಕ್ಕೆ ಬಂದಿತ್ತು. ಹದಿಮೂರು ಹತ್ತು, ನಾವು ಮುಂದೆ. ನಲವತ್ತು ಸೆಕೆಂಡು ಉಳಿದಿದೆ. ನನ್ನ ಎದುರಿಗೆ ಅವರ ಎತ್ತರದ ಓಟಗಾರ. ಅವನ ಹಿಂದೆ ಇನ್ನೊಬ್ಬ ಹತ್ತಿರದಲ್ಲೇ ಚೆಂಡಿಗೆ ಕೈ ಚಾಚಿ ನಿಂತ ಹಾಗೆ ನಟಿಸುತ್ತಿದ್ದ. ನನಗೆ ಆಸೆ ಹುಟ್ಟಿತು. ಆ ಹತ್ತಿರದವನಿಗೆ ಬರುವ ಚೆಂಡನ್ನು ನಡುವೆ ಹಾರಿ ಕಸಿದರೆ ನಾಳೆಯಿಂದ ಊರು ಹೇಳುವುದು ನನ್ನ ಹೆಸರು. ಎತ್ತರದವನು ನನ್ನನ್ನು ದಾಟಿ ಒಳಕ್ಕೆ ಹೊರಳಿದ. ಆಗ ಹಿಂದಿನಿಂದ ಕೂಗು ಬಂತು.

"ಹಾಲಿಸ್, ಒಳಗೆ! ನಿನ್ನವನು ಒಳಗೆ!"

ಕೇಳಿಸಿತು. ದಿಮ್ಮಿಯ ಅಂಗಳದಲ್ಲಿ ಕೇಳಿಸಿದ್ದಕ್ಕಿಂತ ಚೆನ್ನಾಗಿ ಕೇಳಿಸಿತು. ಎರಡನೆಯ ಸಲವೂ ಕೂಗಿದ, ಅದೂ ಕೇಳಿಸಿತು. ನಾನು ತಟ್ಟಲಿಲ್ಲ. ತಿರುಗಲೂ ಇಲ್ಲ. ನನ್ನ ಕಣ್ಣು ಹತ್ತಿರದವನ ಕೈಗಳ ಮೇಲೆ ಇತ್ತು.

ನಾನು ಬರುವುದಿಲ್ಲವೆಂದು ಕಂಡ ರೂಫಸ್ ತನ್ನ ನಡುವನ್ನು ಬಿಟ್ಟು ನನ್ನವನ ಹಿಂದೆ ಓಡಿದ, ಹಳೆಯ ಕಾರ್ನರ್ ಓಡುವ ಹಾಗೆ, ಸೊಂಟದ ಮೇಲೆ ಕಣ್ಣಿಟ್ಟು. ಅವನನ್ನು ಪೂರ್ತಿ ಮುಚ್ಚಿಬಿಟ್ಟ. ಅಷ್ಟರಲ್ಲಿ ಆಚೆ ಕಡೆಯಿಂದ ಬಂದ ಇನ್ನೊಬ್ಬ, ರೂಫಸ್ ಬಿಟ್ಟ ಖಾಲಿ ಜಾಗಕ್ಕೆ ನುಗ್ಗಿ, ಮನೆಯಂಗಳದಲ್ಲಿ ಹಣ್ಣು ಹಿಡಿದ ಹಾಗೆ ಚೆಂಡು ಹಿಡಿದುಕೊಂಡು ಕೊನೆಯ ಗೆರೆ ದಾಟಿದ. ಹದಿನೇಳು ಹದಿಮೂರು, ನಾವು ಸೋತೆವು. ನಾನು ಕಾಯುತ್ತಿದ್ದ ಹತ್ತಿರದವನಿಗೆ ಚೆಂಡು ಬರಲೇ ಇಲ್ಲ.

ಬಟ್ಟೆ ಬದಲಿಸುವ ಕೋಣೆಗೆ ಬಂದೆವು. ಬಾಗಿಲ ಬಳಿ ನನ್ನ ಅಪ್ಪ ಬಂದು ನಿಂತಿದ್ದರು. ನಡುವೆ ಯಾಕೆ ಬಿಟ್ಟೆ ಎಂದು ವಿಟ್ಲೊ ರೂಫಸ್‌ನನ್ನು ಕೇಳಿದರು. ಅವನು ನನ್ನ ಕಡೆ ತಿರುಗಿದ.

"ನಾನು ಕೂಗಿದೆ. ನಿನಗೆ ಕೇಳಿಸ್ತಾ?"

ಇಪ್ಪತ್ತು ಮುಖಗಳು ನನ್ನ ಕಡೆ ತಿರುಗಿದವು. ಅಪ್ಪನದೂ.

"ಇಲ್ಲ," ಎಂದೆ.

ರೂಫಸ್ ಒಂದು ಸಲವೂ ನನ್ನನ್ನು ಅನುಮಾನದಿಂದ ನೋಡಲಿಲ್ಲ. ಅದೇ ನನ್ನನ್ನು ಇಷ್ಟು ವರ್ಷ ಸುಟ್ಟಿದ್ದು. ಅವನು ತಲೆಯಾಡಿಸಿದ, ಹೌದು, ಕೇಳಿಸಿರಲಾರದು ಎಂಬಂತೆ. ತನ್ನ ಗಂಟಲನ್ನು ಒಮ್ಮೆ ಮುಟ್ಟಿಕೊಂಡ. ಕೇಳಿಸದ ಸೇಫ್ಟಿ ಸೇಫ್ಟಿಯೇ ಅಲ್ಲ ಎಂದವರೇ ವಿಟ್ಲೊ ಹೊರಗೆ ಹೋದರು. ಅಲ್ಲಿಗೆ ರೂಫಸ್‌ನ ಬಾಯಿಗೆ ಬೀಗ ಬಿತ್ತು. ಬೀಗದಕೈ ನನ್ನ ಜೇಬಿನಲ್ಲಿತ್ತು.

ಆಟದ ವೀಡಿಯೊ ತೆಗೆಯುತ್ತಿದ್ದವರು ಔಷಧಿ ಅಂಗಡಿಯವರು. ಅವರಿಗೆ ಮುಖಗಳನ್ನು ಹತ್ತಿರಕ್ಕೆ ಎಳೆದು ನೋಡುವ ಚಟ. ಕೊನೆಯ ಗಳಿಗೆಯಲ್ಲಿ ಎಸೆಯುವವನ ಮುಖ, ಆಮೇಲೆ ಗಾಳಿಯಲ್ಲಿ ಚೆಂಡು, ಆಮೇಲೆ ಖಾಲಿ ನಡುವಿನಲ್ಲಿ ಒಬ್ಬನೇ ಹಿಡಿಯುತ್ತಿರುವ ಮಾರ್ಲೊ ಹುಡುಗ. ಬಲಗಡೆಯ ಅಂಚಿನಿಂದ ರೂಫಸ್ ತಡವಾಗಿ ಓಡಿಬರುವುದು ಕಾಣುತ್ತದೆ. ನಾನೂ ಇಲ್ಲ, ನಾನು ಬಿಟ್ಟವನೂ ಇಲ್ಲ. ಧ್ವನಿಯಲ್ಲಿ ಶಾಲೆಯ ಬ್ಯಾಂಡು ಬಿಟ್ಟರೆ ಇನ್ನೇನೂ ಇಲ್ಲ. ಪ್ರತಿ ಆಗಸ್ಟಿನಲ್ಲಿ, ಹೊಸ ವರ್ಷದ ಆಟ ಶುರುವಾಗುವ ಮೊದಲು, ಅದನ್ನು ಆರ್ಡೆಲ್ ಹೋಟೆಲಿನಲ್ಲಿ ಹಾಕುತ್ತಾರೆ. ಇಂಥ ಹಬ್ಬ ಬೇರೆ ಯಾವ ಊರಿನಲ್ಲಿದೆಯೋ ಕಾಣೆ. ಮೊದಲೆರಡು ವರ್ಷ ರೂಫಸ್ ಬರಲಿಲ್ಲ. ಬರದಿದ್ದರೆ ಇನ್ನೂ ಹೆಚ್ಚು ಮಾತಾಡುತ್ತಾರೆಂದು ತಿಳಿದ ಮೇಲೆ ಬರತೊಡಗಿದ. ತನ್ನ ಸಣ್ಣ ಮೇಜಿನಲ್ಲಿ ಕೂತು, ಪರಿಚಯವಿಲ್ಲದವರ ಮದುವೆಯ ಚಿತ್ರ ನೋಡಿದ ಹಾಗೆ ನೋಡಿ ಎದ್ದು ಹೋಗುತ್ತಾನೆ.

ಕಾಲೇಜಿನವರೂ ಅದನ್ನು ನೋಡಿದರು. ಅವರ ಕಡೆಯಿಂದ ಮತ್ತೆ ಕಾಗದ ಬರಲಿಲ್ಲ. ಜೂನಿನಲ್ಲಿ ರೂಫಸ್ ಕಾರ್ಖಾನೆಗೆ ಸೇರಿದ, ಜುಲೈಯಲ್ಲಿ ನಾನು. ಕಾಗದದ ದೊಡ್ಡ ಸುರುಳಿ ಸುತ್ತುವ ಯಂತ್ರದ ಬಳಿ ಅವನನ್ನು ಹಾಕಿದರು. ಅಲ್ಲಿ ಕಿವಿಗೆ ಬಿರಡೆ ಹಾಕಿಕೊಂಡೇ ಕೆಲಸ. ಯಾರೂ ಯಾರ ಮಾತನ್ನೂ ನಿರೀಕ್ಷಿಸುವುದಿಲ್ಲ. ಅವನು ಅಲ್ಲಿಂದ ಕದಲಲಿಲ್ಲ. ಮೇಸ್ತ್ರಿ ಮಾಡುತ್ತೇವೆಂದು ಎರಡು ಸಲ ಕರೆದರು. ಮೇಸ್ತ್ರಿಯಾದವನು ಕೂಗಬೇಕಲ್ಲ ಎಂದು ಎರಡು ಸಲವೂ ಒಲ್ಲೆನೆಂದ. ಅವನಿಗಿಂತ ಕಿರಿಯ, ಅವನೇ ಕೆಲಸ ಕಲಿಸಿದವನೊಬ್ಬ ಮೇಸ್ತ್ರಿಯಾಗಿ ಅವನ ಮೇಲೆ ರೇಗುವುದನ್ನು ನಾನು ನೋಡಿದ್ದೇನೆ. ಚರ್ಚಿನಲ್ಲಿ ಎಲ್ಲರೂ ಹಾಡುವಾಗ ಅವನ ತುಟಿ ಮಾತ್ರ ಆಡುತ್ತದೆ. ತಾಯಿ ತೀರಿಕೊಂಡಾಗ ನಾಲ್ಕು ಮಾತು ಹೇಳು ಎಂದು ಪಾದ್ರಿಗಳು ಕರೆದರು. ಎದ್ದು ನಿಂತ, ಹೆಣದ ಪೆಟ್ಟಿಗೆಯವರೆಗೆ ನಡೆದು ಹೋಗಿ ತಾಯಿಯ ಭುಜ ಮುಟ್ಟಿದ, ಬಂದು ಕೂತ.

ಅವನ ಹೆಂಡತಿ ಲೊರೀನ್ ನನ್ನ ಹೆಂಡತಿಗೆ ಒಮ್ಮೆ ಹೇಳಿದಳಂತೆ: ಮದುವೆಯಾಗಿ ಇಪ್ಪತ್ತೆಂಟು ವರ್ಷವಾಯಿತು, ಈ ಮನುಷ್ಯ ಪಕ್ಕದ ಕೋಣೆಯಿಂದ ಒಂದು ಸಲವೂ ನನ್ನ ಹೆಸರು ಹಿಡಿದು ಕೂಗಿಲ್ಲ, ಒಲೆಯ ಮುಂದೆ ನಿಂತಿದ್ದರೆ ಸದ್ದಿಲ್ಲದೆ ಬಂದು ಹೆಗಲು ಮುಟ್ಟುತ್ತಾನೆ, ಜೀವ ಹೋದ ಹಾಗಾಗುತ್ತದೆ. ನನ್ನ ಹೆಂಡತಿ ಇದನ್ನು ನಗೆಯ ಮಾತಾಗಿ ಹೇಳಿದಳು. ನಾನು ಊಟದ ತಟ್ಟೆ ಬಿಟ್ಟು ಎದ್ದು ಹೊರಗೆ ಹೋದೆ.

ಹೇಳಬೇಕೆಂದು ಎಷ್ಟು ಸಲ ಹೊರಟಿಲ್ಲ. ಮೊದಲ ವರ್ಷ ಅಪ್ಪ ಬದುಕಿದ್ದರು, ಹೆದರಿಕೆ. ಅವರು ಹೋದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆ. ಹತ್ತು ವರ್ಷ ಕಳೆದರೆ ಹತ್ತು ವರ್ಷದ ಸುಳ್ಳು, ಇಪ್ಪತ್ತು ಕಳೆದರೆ ಇಪ್ಪತ್ತರದು. ದಿನ ಕಳೆದಂತೆ ಬಾಗಿಲು ಕಿರಿದಾಗುತ್ತ ಬಂತು. ಒಂದೇ ಪಾಳಿ, ಒಂದೇ ಚರ್ಚು, ಒಂದೇ ಹೋಟೆಲು. ನಾನು ಅವನಿಂದ ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ.

ಈ ಸೆಪ್ಟೆಂಬರಿನಲ್ಲಿ ಶಾಲೆಗೆ ಮೊಬೀಲ್ ನಗರದಿಂದ ಹೊಸ ಕೋಚ್ ಬಂದ, ಬ್ರನ್ಸನ್ ಎಂದು, ಮೂವತ್ತರ ಹುಡುಗ. ಬಂದ ಮೂರನೆಯ ವಾರವೇ ಅವನ ಸೇಫ್ಟಿಯ ಮಂಡಿ ಹೋಯಿತು. ಕಾರ್ನರ್ ಟೆವಿನ್‌ನನ್ನು ನಡುವೆ ನಿಲ್ಲಿಸುತ್ತೇನೆ ಎಂದ. ಉದ್ದ ಮೇಜಿಗೆ ಸಿಡಿಲು ಬಡಿಯಿತು. ಶನಿವಾರ ಅವನನ್ನು ಕರೆದು ಕೂರಿಸಿ ಗ್ರೇಡಿ ಆ ಹಳೆಯ ಕಥೆ ಪೂರ್ತಿ ಹೇಳಿದ, ರೂಫಸ್ ಎಂಟು ಅಡಿ ದೂರದಲ್ಲಿ ಕೂತಿರುವಾಗಲೇ. ಬ್ರನ್ಸನ್ ಮರ್ಯಾದೆಯಿಂದ ಕೇಳಿಸಿಕೊಂಡ. ಆಮೇಲೆ, ಆ ಒಂದು ವೀಡಿಯೊ ಅಲ್ಲ ಸರ್, ಅದಕ್ಕೆ ಹಿಂದಿನ ನಾಲ್ಕನ್ನೂ ಶಾಲೆಯ ಬೀರುವಿನಿಂದ ತೆಗೆದು ನೋಡಿದೆ, ನಾಲ್ಕರಲ್ಲೂ ನಡುವಿನಿಂದ ಒಂದು ಚೆಂಡೂ ದಾಟಿಲ್ಲ, ನಾನು ನೋಡಿದ ಅತ್ಯುತ್ತಮ ಸೇಫ್ಟಿಗಳಲ್ಲಿ ಇವರೊಬ್ಬರು ಎಂದ. ಎದ್ದು ಹೋಗಿ ರೂಫಸ್‌ನ ಮೇಜಿನ ಮುಂದೆ ನಿಂತ.

"ಮಿಸ್ಟರ್ ಮಿಮ್ಸ್, ನಮ್ಮ ಹುಡುಗಂಗೆ ನೀವು ಹೇಳ್ಕೊಡಬೇಕು," ಎಂದ.

ರೂಫಸ್ ಚಮಚ ಕೆಳಗಿಟ್ಟ. ಅವನ ಮುಖದಲ್ಲಿ ಏನೋ ಬಂದು ಹೋಯಿತು. ಐವತ್ತೊಂದರ ಮುಖದಲ್ಲಿ ಹದಿನೇಳು ವರ್ಷದವನು ಒಂದು ಕ್ಷಣ ಇಣುಕಿದ. "ಎಲ್ಲಿ ನಿಲ್ಲಬೇಕು, ಹೇಗೆ ನೋಡಬೇಕು ಅಂತ ಹೇಳ್ಬಹುದು ಕೋಚ್," ಎಂದ, ನಮಗೆ ಕಷ್ಟದಲ್ಲಿ ಕೇಳಿಸುವಷ್ಟು ಸಣ್ಣಗೆ. "ಕೂಗೋದು ನನ್ನ ಕೈಲಾಗಲ್ಲ. ನನ್ನ ಕೂಗು ಯಾರಿಗೂ ಕೇಳ್ಸಲ್ಲ. ಬೇಕಾದ್ರೆ ಹಾಲಿಸ್‌ನ ಕೇಳಿ, ಅವನಿದ್ದ."

ಕೋಚ್ ನನ್ನ ಕಡೆ ನೋಡಿದ. ಮೇಜಿನವರೆಲ್ಲ ನೋಡಿದರು. ಅದೇ ಪ್ರಶ್ನೆ, ಮತ್ತೆ ನನ್ನ ಕಡೆ ತಿರುಗಿದ ಮುಖಗಳು. ಮಿಸ್ ಆರ್ಡೆಲ್ ಕಾಫಿ ಹೂಜಿ ಹಿಡಿದು ನಿಂತಿದ್ದಳು. ನಾನು ನನ್ನ ಲೋಟದೊಳಕ್ಕೆ ನೋಡುತ್ತ, ಇನ್ನು ಸ್ವಲ್ಪ ಹಾಕಿ ಎಂದೆ.

ಎರಡನೆಯ ಸಲ. ಮೊದಲನೆಯದಕ್ಕೆ ಹುಡುಗುಬುದ್ಧಿ ಎಂದು ಹೆಸರಿಡಬಹುದು. ಇದಕ್ಕೆ ಹೆಸರು ಹೇಡಿತನ, ಬೇರೆ ಇಲ್ಲ.

ಭಾನುವಾರ ಚರ್ಚಿನಲ್ಲಿ ರೂಫಸ್ ನನ್ನ ಮುಂದಿನ ಸಾಲಿನಲ್ಲೇ ಇದ್ದ. ಎಲ್ಲರೂ ಹಾಡುತ್ತಿದ್ದರು, ಅವನ ಕತ್ತಿನ ಹಿಂಭಾಗ ಅಲುಗುತ್ತಿತ್ತು, ಸದ್ದಿಲ್ಲ. ಮಧ್ಯಾಹ್ನ ಊಟ ಮಾಡದೆ ಅವನ ಮನೆಗೆ ಹೋದೆ. ಅವನು ಜಗಲಿಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ. ಒಳಗೆ ಲೊರೀನ್ ಪಾತ್ರೆ ತೊಳೆಯುತ್ತಿದ್ದಳು. ನಾನು ಕೂರಲಿಲ್ಲ. ಕೂತರೆ ಹವಾಮಾನದ ಮಾತು ಶುರುವಾಗುತ್ತದೆಂದು ಗೊತ್ತಿತ್ತು.

"ರೂಫಸ್, ಆವತ್ತು ನನಗೆ ಕೇಳಿಸಿತ್ತು," ಎಂದೆ.

ಯಾವತ್ತು ಎಂದು ಅವನು ಕೇಳಲಿಲ್ಲ. ಕೈಯಲ್ಲಿದ್ದ ಸಿಪ್ಪೆಯನ್ನು ಹಾಗೇ ಹಿಡಿದುಕೊಂಡಿದ್ದ.

"ಏನಂತ ಕೂಗಿದ್ದೆ ನಾನು?"

"ಹಾಲಿಸ್, ಒಳಗೆ, ನಿನ್ನವನು ಒಳಗೆ. ಎರಡು ಸಲ."

"ಜೋರಾಗಿ?"

"ದಿಮ್ಮಿ ಅಂಗಳದಲ್ಲಿ ಕೂಗಿದ್ದಕ್ಕಿಂತ ಜೋರಾಗಿ. ನಾನು ಬೇಕಂತಲೇ ತಿರುಗಲಿಲ್ಲ. ಆಮೇಲೆ ಬೇಕಂತಲೇ ಸುಳ್ಳು ಹೇಳ್ದೆ. ನಿನ್ನೆ ಮತ್ತೆ ಬಾಯಿ ಮುಚ್ಕೊಂಡೆ."

ಅವನು ಹೊಡೆಯುತ್ತಾನೆಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಬಟಾಣಿಯ ಬಟ್ಟಲನ್ನು ನಿಧಾನವಾಗಿ ಪಕ್ಕಕ್ಕಿಟ್ಟ. ಆಮೇಲೆ, ನನ್ನ ಕಡೆ ನೋಡದೆ, ತಲೆಯನ್ನು ಸ್ವಲ್ಪ ಬಾಗಿಲ ಕಡೆ ಹೊರಳಿಸಿ, ಕೂಗಿದ.

"ಲೊರೀನ್!"

ಒಳಗೆ ಪಾತ್ರೆಯ ಸದ್ದು ನಿಂತಿತು. ಅವನ ಧ್ವನಿ ತುಕ್ಕು ಹಿಡಿದಿತ್ತು, ಆದರೆ ಅದೇ ಧ್ವನಿ. ಒದ್ದೆ ಕೈಯಲ್ಲೇ ಲೊರೀನ್ ಓಡಿಬಂದಳು. ಎದೆನೋವು ಬಂತೆಂದುಕೊಂಡಿರಬೇಕು, ಅವನ ಅಂಗಿಯ ಗುಂಡಿ ಬಿಚ್ಚತೊಡಗಿದಳು.

"ಏನಾಯ್ತು? ಏನಾಗ್ತಿದೆ ನಿಮಗೆ?"

"ಏನೂ ಇಲ್ಲ. ಕೇಳ್ಸತ್ತಾ ಅಂತ ನೋಡ್ದೆ," ಎಂದ ರೂಫಸ್.

ಲೊರೀನ್ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಏನೂ ಅರ್ಥವಾಗದೆ ಅಲ್ಲೇ ಅವನ ಪಕ್ಕದಲ್ಲಿ ಕೂತುಬಿಟ್ಟಳು. ರೂಫಸ್‌ನ ಕೆನ್ನೆ ಒದ್ದೆಯಾಗಿತ್ತು. ಅವನು ಒರೆಸಿಕೊಳ್ಳಲಿಲ್ಲ.

"ಮೂವತ್ತನಾಲ್ಕು ವರ್ಷ, ಹಾಲಿಸ್," ಎಂದ. "ಈಗ ಹೋಗು."

ಹೋದೆ. ಕ್ಷಮಿಸು ಎನ್ನುವುದಕ್ಕೂ ನನಗೆ ಬಾಯಿ ಬರಲಿಲ್ಲ. ಸೋಮವಾರ, ಮಂಗಳವಾರ ಕಾರ್ಖಾನೆಯಲ್ಲಿ ಅವನು ನನ್ನ ಮುಂದೆಯೇ ಹಾದುಹೋದ, ತಲೆ ಎತ್ತಲಿಲ್ಲ. ಊರಿಗೆ ಅವನು ಏನನ್ನೂ ಹೇಳಿರಲಿಲ್ಲ. ಹೇಳಬೇಕಾದವನು ನಾನೆಂದು ಅವನು ಬಿಟ್ಟಿದ್ದ. ನಾನು ಮಂಗಳವಾರವೂ ಹೇಳಲಿಲ್ಲ.

ಬುಧವಾರ ಗೆರೆ ಎಳೆಯುವ ದಿನ. ಮೂರೂವರೆಗೆ ಸುಣ್ಣದ ಗಾಡಿ ತಳ್ಳಿಕೊಂಡು ಮೈದಾನಕ್ಕೆ ಹೋದೆ. ಹುಡುಗರು ಅಭ್ಯಾಸ ಮಾಡುತ್ತಿದ್ದರು. ಗ್ರೇಡಿ ಮತ್ತು ಉಳಿದವರು ಎಂದಿನಂತೆ ಮರದ ಬೆಂಚುಗಳ ಮೇಲೆ ಕೂತು, ಕಡಲೆಕಾಯಿ ತಿನ್ನುತ್ತ ಹೊಸ ಕೋಚ್‌ನ ತಪ್ಪು ಎಣಿಸುತ್ತಿದ್ದರು. ಮೈದಾನದ ನಟ್ಟನಡುವೆ, ಟೆವಿನ್‌ನ ಪಕ್ಕದಲ್ಲಿ, ಕಾರ್ಖಾನೆಯ ಬೂಟು ಹಾಕಿಕೊಂಡು ರೂಫಸ್ ನಿಂತಿದ್ದ.

ನಾನು ತಲೆ ತಗ್ಗಿಸಿ ಬಲಗಡೆಯ ಅಂಚಿನ ಗೆರೆ ಎಳೆಯುತ್ತ ಬಂದೆ. ಮೊದಲು ಅವನದಾಗಿದ್ದ, ಆಮೇಲೆ ನನ್ನದಾದ ಮೂಲೆ. ಅಲ್ಲಿಗೆ ತಲುಪಿದಾಗ ಕೂಗು ಬಂತು.

"ಹಾಲಿಸ್, ಒಳಗೆ! ನಿನ್ನವನು ಒಳಗೆ!"

ಗಾಡಿ ನಿಂತಿತು. ಬೆಂಚಿನ ಮೇಲೆ ಕಡಲೆಕಾಯಿ ಒಡೆಯುವ ಸದ್ದೂ ನಿಂತಿತು. ಅಷ್ಟು ದೊಡ್ಡ ಧ್ವನಿ ಈ ಮನುಷ್ಯನದೆಂದು ಯಾರೂ ನಂಬಿರಲಾರರು. ನನ್ನ ಕೈ ತಾನಾಗಿ ಎದ್ದಿತು. ಟೊಪ್ಪಿಗೆಯ ಮೇಲೆ ಎರಡು ಸಲ ತಟ್ಟಿದೆ.

ರೂಫಸ್ ನಗಲಿಲ್ಲ. ಟೆವಿನ್‌ನ ಕಡೆ ತಿರುಗಿ ಏನೋ ಹೇಳಿದ. ಹುಡುಗ ತಲೆಯಾಡಿಸಿದ. ರೂಫಸ್ ಮತ್ತೆ ಕೂಗಿದ, ಅದೇ ಮಾತು, ಅದೇ ಹೆಸರು. ನಾನು ಮತ್ತೆ ತಟ್ಟಿದೆ. ನಾಲ್ಕು ಹೆಜ್ಜೆ ಗಾಡಿ ತಳ್ಳಿದರೆ ಮತ್ತೊಂದು ಕೂಗು. ಐದು, ಆರು, ಏಳು. ಬಿಟ್ಟು ಹೋಗುವ ಹಾಗಿಲ್ಲ, ಗೆರೆ ಅರ್ಧದಲ್ಲಿದೆ. ಅವನ ಧ್ವನಿ ಪ್ರತಿ ಸಲವೂ ತುಕ್ಕು ಬಿಡುತ್ತ ಬಂತು. ನನ್ನ ಕೈ ನೋಯತೊಡಗಿತು.

"ಲೋ ಹಾಲಿಸ್," ಎಂದ ಗ್ರೇಡಿ ಬೆಂಚಿನಿಂದ. "ಹುಡುಗರನ್ನ ಬಿಟ್ಟು ಅವನ್ಯಾಕೋ ನಿನ್ನ ಕೂಗ್ತಿದಾನೆ?"

ಕಲಿಸುತ್ತಿದ್ದಾನೆ ಎನ್ನಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಗಾಡಿಯನ್ನು ಅಲ್ಲೇ ಬಿಟ್ಟು, ಮೈದಾನಕ್ಕೆ ಬೆನ್ನು ಹಾಕಿ, ಅವರ ಮುಂದೆ ಹೋಗಿ ನಿಂತೆ. ಆರು ಜನ ಕೂತಿದ್ದರು.

"ಮಾರ್ಲೊ ಆಟದ ದಿನಾನೂ ಹೀಗೇ ಕೂಗಿದ್ದ, ಗ್ರೇಡಿ," ಎಂದೆ. "ಎರಡು ಸಲ. ಎರಡೂ ನನಗೆ ಕೇಳಿಸಿತ್ತು."

ಗ್ರೇಡಿ ಕೈಯಲ್ಲಿದ್ದ ಕಡಲೆಕಾಯಿಯನ್ನು ನೋಡಿದ. ಬೆನ್ನ ಹಿಂದೆ, ಮೈದಾನದ ನಡುವಿನಿಂದ ಮತ್ತೆ ನನ್ನ ಹೆಸರು ಬಂತು. ತಿರುಗದೆ, ನಿಂತಲ್ಲೇ, ಟೊಪ್ಪಿಗೆಯ ಮೇಲೆ ಎರಡು ಸಲ ತಟ್ಟಿದೆ.